ನಿಮ್ಮ ಪಾಲಿನ ತಪ್ಪುಕಾಣಿಕೆ

ಕಕ್ಕಬೆ

ಮಾನ್ಯ ಸಂಸದರಿಗೆ ಪೂವಮ್ಮ ಮಾಡುವ ನಮಸ್ಕಾರ.

ಚುನಾವಣೆಗೆ ಮುಂಚೆ ನೀವು ನಮ್ಮೂರ ಭಗವತಿ ಗುಡಿಯ ನಡೆಯಲ್ಲಿ ನಿಂತು ಮಾತು ಕೊಟ್ಟಿರಿ. ಹೊರದೇಶದ ಕರಿಮೆಣಸು ಸುಂಕವಿಲ್ಲದೆ ಬರುವ ಆ ವ್ಯಾಪಾರ ಒಪ್ಪಂದದಿಂದ ದೇಶ ಹೊರಬರಲಿ ಎಂದು ಪಾರ್ಲಿಮೆಂಟಿನಲ್ಲಿ ಓಟು ಹಾಕುತ್ತೇನೆ ಎಂದಿರಿ. ಅದನ್ನು ನಂಬಿ ನಾನು ಮನೆಮನೆಗೆ ಹೋಗಿ ನಿಮಗಾಗಿ ಓಟು ಕೇಳಿದೆ.

ಆ ದಿನ ಬಂದಾಗ ನೀವು ಓಟು ಹಾಕದೆ ಎದ್ದು ಹೋದಿರಿ. ಒಪ್ಪಂದ ಬಿಡುವ ನಿರ್ಣಯ ಬಿದ್ದುಹೋಯಿತು. ಟಿ.ವಿ.ಯಲ್ಲಿ ಊರೇ ನೋಡಿತು.

ಮರುದಿನ ಮೆಣಸು ಕೊಯ್ಯುವಾಗ ಪಕ್ಕದ ಮನೆಯ ದೇವಕಿ ಏಣಿಯ ಮೇಲಿಂದ ಕೇಳಿದಳು: "ಪೂವಮ್ಮಕ್ಕಾ, ನಮಗೆ ದಿನವಿಡೀ ಏಣಿ ಹತ್ತಲಿಕ್ಕೆ ಆಗ್ತದೆ. ನಿಮ್ಮ ಎಂ.ಪಿ.ಗೆ ಕೂತಲ್ಲೇ ಒಂದು ಗುಂಡಿ ಒತ್ತಲಿಕ್ಕೆ ಆಗ್ಲಿಲ್ವಾ?" ಬೆಲೆ ಹೀಗೇ ಇಳಿದರೆ ಬಳ್ಳಿ ಕಡಿಸುತ್ತೇನೆ ಎನ್ನುತ್ತಿದ್ದಾಳೆ.

ದೇವರ ಮುಂದೆ ಆಡಿದ ಮಾತಿಗೆ ತಪ್ಪಿದರೆ ನಮ್ಮಲ್ಲಿ ತಪ್ಪುಕಾಣಿಕೆ ಹಾಕಬೇಕು. ನಿಮ್ಮ ಮಾತನ್ನು ಊರಿಗೆ ಹಂಚಿದ್ದಕ್ಕೆ ನನ್ನದನ್ನು ಮೊನ್ನೆ ಹಾಕಿ ಬಂದೆ. ನಿಮ್ಮದನ್ನೂ ನಾನೇ ಹಾಕಬಹುದಾ ಎಂದು ಗುಡಿಯ ಭಟ್ಟರನ್ನು ಕೇಳಿದೆ. ಆಗುವುದಿಲ್ಲ ಎಂದರು.

ಆದ್ದರಿಂದ ಮುಂದಿನ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಗುಡಿಗೆ ಬನ್ನಿ. ಹಾರ, ಮೈಕು ಇರುವುದಿಲ್ಲ. ಕೊನೆಯ ಏರಿಗೆ ಕಾರು ಹತ್ತುವುದಿಲ್ಲ, ನಡೆಯಬೇಕು. ತಪ್ಪಾಯಿತೆಂದು ಒಪ್ಪಿಕೊಂಡು ಕಾಣಿಕೆ ಹಾಕಿ, ಆ ನಿರ್ಣಯವನ್ನು ಮತ್ತೆ ತರುತ್ತೇನೆಂದು ಊರೆದುರು ಹೇಳಿ. ಊಟ ನಮ್ಮ ಮನೆಯಲ್ಲಿ.

ಬರದಿದ್ದರೆ ಬುಧವಾರದಿಂದ ನಾನು ಅದೇ ಮನೆಗಳಿಗೆ ಮತ್ತೆ ಹೋಗುತ್ತೇನೆ. ಏನು ಹೇಳಬೇಕೆಂದು ಈ ಸಲ ನಿಮ್ಮವರು ಬರೆದುಕೊಡುವುದು ಬೇಡ.

ಇಂತಿ,
ನಿಮಗೆ ಓಟು ಹಾಕಿದ
ಪೂವಮ್ಮ