ಅಕ್ಷಯಾ ಈಗ ಹಿರಿಯಳು

ಈಸ್ಟ್ ಬ್ರನ್ಸ್‌ವಿಕ್, 2007

ಅಕ್ಷಯಾಳ ಅಪ್ಪನವರಿಗೆ ಶರಣು.

ಲಿಂಗೈಕ್ಯರಾಗುವ ಮುಂಚೆ ನೀವು ಹಟ ಹಿಡಿದು ಹಾಡು-ಕುಣಿತ ಕಲಿಯಲು ಕೊರಿಯಾಕ್ಕೆ ಕಳಿಸಿದ ಮಗಳು ನಿನ್ನೆ ನ್ಯೂಯಾರ್ಕಿನಲ್ಲಿ ಹಾಡಿ ಕುಣಿದಳು. ಸೇರಿದ ಜನವೆಲ್ಲ ಅವಳ ಹೆಸರು ಕೂಗಿತು. ಹದಿನಾಲ್ಕಕ್ಕೆ ಹೋದಾಗ ಅಲ್ಲಿ ಎಲ್ಲರಿಗಿಂತ ಕಿರಿಯಳು; ಈಗ ಇಪ್ಪತ್ತು, ಐವರ ತಂಡಕ್ಕೆ ಅವಳೇ ಹಿರಿಯಳು, ನಾಯಕಿ. ಕೊರಿಯಾದವರಲ್ಲೂ ಹಿರಿಯರು ಉಣ್ಣದೆ ಕಿರಿಯರು ಉಣ್ಣುವುದಿಲ್ಲ. ರಾತ್ರಿ ಅವರೊಡನೆ ಊಟಕ್ಕೆ ಕುಳಿತಾಗ ತಂಡದ ಹುಡುಗಿಯರು ಅಕ್ಷಯಾಳನ್ನು ನೋಡಿದರು, ಅವಳು ನನ್ನನ್ನು ನೋಡಿದಳು.

“ಯವ್ವಾ, ಲಗೂ ಉಣ್ಣು. ಇಲ್ಲಿ ನೀನ ದೊಡ್ಡಾಕಿ. ಇವ್ರು ಮುಂಜಾನಿಂದ ಉಪಾಸ ಅದಾರ.”

ನನ್ನ ಕೈ ಏಳಲಿಲ್ಲ. ನಿಮಗಿಂತ ಮೊದಲು ನಾನು ಎಂದೂ ಉಂಡವಳಲ್ಲ. ಬಸವಣ್ಣನನ್ನು ನೆನೆದು, ನಿಮ್ಮ ಪಾಲಿನ ತುತ್ತನ್ನು ತಟ್ಟೆಯ ಬದಿಗೆ ತೆಗೆದಿಟ್ಟು ಉಂಡೆ. ಐದೂ ಚಮಚಗಳು ಒಮ್ಮೆಲೇ ಎದ್ದವು.