ಸೋತ ಸಿಪಾಯಿಗೆ ಬಬಲ್ ಟೀ ಕೂಪನ್

ಯುದ್ಧಸ್ಮರಣೆ ಪ್ರದರ್ಶನದ ಮಾನ್ಯ ನಿರ್ದೇಶಕರೇ,

ಕಳೆದ ಭಾನುವಾರ ನಿಮ್ಮ ಮೈದಾನದಲ್ಲಿ ನನ್ನ ಒಂಬತ್ತು ವರ್ಷದ ಮಗಳು ಪ್ರಣತಿ ಶತ್ರುವಿಗೆ ಅತ್ಯಂತ ತಮಾಷೆಯಾಗಿ ಶರಣಾಗಿ ಬಹುಮಾನ ಗೆದ್ದಳು. ಅದನ್ನು ನೋಡಿದ ನನ್ನ ತಾಯಿ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ನನ್ನ ದೂರು ಇಷ್ಟೇ. ಇದನ್ನು ಮೊದಲು ಇಂಗ್ಲಿಷಿನಲ್ಲೇ ಬರೆದು ಕಳಿಸಿದ್ದೆ. ಉತ್ತರವಾಗಿ, ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಫಾರ್ಮ್ ಬಂತು. ಆದ್ದರಿಂದ ಈಗ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮಗೆ ಅರ್ಥವಾಗುವುದರಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗಲಾರದು.

ನನ್ನ ತಾಯಿ ಭಾಗೀರಥಿಯವರಿಗೆ ಎಂಬತ್ತೈದು. ಅವರ ತಂದೆ ಮೈಸೂರಿನ ಪಡೆಯ ಸಿಪಾಯಿ. ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಹಡಗು ಹತ್ತಿ ಈ ಸಿಂಗಾಪುರಕ್ಕೆ ಬಂದರು. ನಲವತ್ತೆರಡರ ಫೆಬ್ರವರಿಯಲ್ಲಿ ಊರು ಜಪಾನೀಯರ ಕೈಸೇರಿದಾಗ ಸೆರೆಸಿಕ್ಕರು. ಮೈಸೂರಿಗೆ ಆ ಸುದ್ದಿ ಬಂತು, ಅವರು ಬರಲಿಲ್ಲ. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಸೆಂಗ್‌ಕಾಂಗ್‌ನ ನಮ್ಮ ಬ್ಲಾಕಿನ ಲಿಫ್ಟಿನ ಪಕ್ಕ, ಆ ಕಾಳಗವನ್ನು ಆಡಿ ತೋರಿಸುವ ನಿಮ್ಮ ಪ್ರದರ್ಶನದ ಪೋಸ್ಟರ್ ಕಂಡಾಗ ಅಮ್ಮ, “ಆ ಕಾಲದ ಡ್ರೆಸ್ಸಲ್ಲೇ ಇರ್ತಾರಾ? ಹಂಗಾದ್ರೆ ನನ್ನೂ ಕರ್ಕೊಂಡ್ಹೋಗು” ಎಂದರು.

ಬಂದೆವು. ನಿಮ್ಮ ವ್ಯವಸ್ಥೆಯನ್ನು ಮೆಚ್ಚಲೇಬೇಕು! ಗುಂಡಿನ ಸದ್ದಿಗೆ ಇಯರ್‌ಪ್ಲಗ್ ಕೊಟ್ಟಿರಿ, ಹೊಗೆಗೆ ಮಾಸ್ಕ್ ಕೊಟ್ಟಿರಿ. ಇಷ್ಟು ಸುರಕ್ಷಿತವಾದ ಯುದ್ಧ ಲೋಕದಲ್ಲಿ ಇನ್ನೆಲ್ಲೂ ನಡೆದಿರಲಾರದು. ಕಾಳಗ ಮುಗಿಯುತ್ತಲೇ ನಿಮ್ಮ ನಿರೂಪಕ ಮಕ್ಕಳನ್ನು ಮುಂದೆ ಕರೆದು, ಒಬ್ಬೊಬ್ಬರ ತಲೆಗೂ ಸಿಪಾಯಿ ಟೋಪಿ ಇಟ್ಟು, ಎಲ್ಲರಿಗಿಂತ ತಮಾಷೆಯಾಗಿ ಕೈ ಎತ್ತಿದವರಿಗೆ ಬಬಲ್ ಟೀ ಕೂಪನ್ ಎಂದು ಘೋಷಿಸಿದ. ಪ್ರಣತಿ ಮೊಣಕಾಲು ನಡುಗಿಸಿ, ಗೋಳೋ ಎಂದು ಅತ್ತು, ಧೊಪ್ಪನೆ ಬಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೂಪನ್ ಹಿಡಿದು ಓಡಿ ಬಂದವಳು ಅಜ್ಜಿಯ ಮುಖ ನೋಡಿ ನಿಂತುಬಿಟ್ಟಳು. “ಅಜ್ಜೀ, ನಿಮ್ಮಪ್ಪ ಸರೆಂಡರ್ ಆದಾಗ್ಲೂ ಎಲ್ರೂ ಲಾಫ್ ಮಾಡಿದ್ರಾ?”

ಅಮ್ಮ ಎದ್ದು, ಮೈದಾನಕ್ಕೆ ಕಟ್ಟಿದ್ದ ಹಗ್ಗ ದಾಟಿ, ನೇರ ನಿರೂಪಕನ ಬಳಿ ನಡೆದರು. ನಾನು ಹಿಂದೆಯೇ ಓಡಿ ವಿಷಯ ವಿವರಿಸಿದೆ. ಆತ, “ಆಂಟಿ, ಜಸ್ಟ್ ಫಾರ್ ಫನ್ ಲಾ! ಸೋ ಲಾಂಗ್ ಅಗೋ, ಹೂ ಸ್ಟಿಲ್ ರಿಮೆಂಬರ್?” ಎಂದು ನಕ್ಕ.

“ಏನಂತೆ?” ಎಂದರು ಅಮ್ಮ.

“ಅದೆಲ್ಲ ಈಗ ಯಾರಿಗೆ ನೆನಪಿದೆ ಅಂತಾರಮ್ಮ.”

“ನಂಗೂ ನೆನಪಿಲ್ಲ ಅನ್ನು ಅವನಿಗೆ. ಅಪ್ಪನ ಮುಖಾನೇ ನೆನಪಿಲ್ಲ. ಅದಕ್ಕೇ ನೋಡಕ್ಕೆ ಬಂದೆ.”

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಆತ ಲಕ್ಕಿ ಡ್ರಾ ಕೂಗಲು ಹೋಗಿದ್ದ.

ನಿರ್ದೇಶಕರೇ, ಒಂದು ಸಂದೇಹ. ಅದೇ ಪ್ರದರ್ಶನದಲ್ಲಿ ಶರಣಾಗತಿಯ ಕಾಗದಕ್ಕೆ ಸಹಿ ಹಾಕಿದ ಸೇನಾಧಿಕಾರಿಗೆ ಇಸ್ತ್ರಿ ಮಾಡಿದ ಸಮವಸ್ತ್ರವಿತ್ತು, ಗಂಭೀರವಾದ ಹಿನ್ನೆಲೆ ಸಂಗೀತವಿತ್ತು. ಆತನ ಸಹಿಯನ್ನು ತಮಾಷೆಯಾಗಿ ಹಾಕಿದವರಿಗೆ ಕೂಪನ್ ಏಕಿರಲಿಲ್ಲ? ಸೋಲಿನಲ್ಲೂ ಮರ್ಯಾದೆ ಸಿಗಬೇಕಾದರೆ ಹೆಗಲ ಮೇಲೆ ಪಟ್ಟಿಗಳಿರಬೇಕೇ? ಸಿಪಾಯಿಯ ಸೋಲು ಮಾತ್ರ ಮಕ್ಕಳಾಟವೇ?

ಮುಂದಿನ ಪ್ರದರ್ಶನ ಬರುವ ತಿಂಗಳಿದೆ. ಆ ಸ್ಪರ್ಧೆಯನ್ನು ಕೈಬಿಡಿ. ಸೆರೆಯಾಗುವ ದೃಶ್ಯವನ್ನು ದೊಡ್ಡವರಿಂದ ಆಡಿಸಿ, ಅಷ್ಟು ಹೊತ್ತು ಮೈಕ್ ಬಂದ್ ಮಾಡಿಸಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇಡಿ. ಅಮ್ಮನನ್ನು ಮತ್ತೆ ಕರೆಯುತ್ತೇನೆ. ಬರುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ.

ಇಂತಿ,
ಅಂದು ಎಲ್ಲರ ಜೊತೆ ತಾನೂ ನಕ್ಕುಬಿಟ್ಟ ಮಗ,
ನವನೀತ್