ಕುರ್ಚಿ ರಿಪೇರಿಯವಳು

ಭಾನುವಾರ, ನವೆಂಬರ್ ೧೭

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳ ನಮಸ್ಕಾರ. ಬರೆಯುತ್ತೇನೆ, ಬರೆಯುತ್ತೇನೆ ಅಂತ ಇಷ್ಟು ದಿನ ತಳ್ಳಿದ್ದಕ್ಕೆ ಮೊದಲು ಬೈದುಬಿಡಿ, ಆಮೇಲೆ ಓದಿ. ವಾರಕ್ಕೊಮ್ಮೆ ಫೋನ್ ಮಾಡುತ್ತೀಯಲ್ಲ, ಮತ್ತೆ ಈ ಕಾಗದ ಯಾಕೆ ಅನ್ನಬಹುದು. ಫೋನಿನಲ್ಲಿ ನಾವು ಆಡುವುದೇನು ಹೇಳಿ? "ಊಟ ಆಯ್ತಾ?" "ಆಯ್ತು. ನಿಮ್ದು?" "ಆಯ್ತು." ಆಮೇಲೆ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತದೆ, ಅಷ್ಟೆ. ಅಂಗಡಿಗೆ ಯಾರೋ ಬಂದರು ಅಂತ ನೀವು ಇಟ್ಟುಬಿಡುತ್ತೀರಿ. ಒಮ್ಮೊಮ್ಮೆ ಯಾರೂ ಬಂದಿರುವುದಿಲ್ಲ, ನನಗೆ ಗೊತ್ತು. ಬಾಗಿಲ ಗಂಟೆ ಕೇಳಿಸಿರುವುದಿಲ್ಲ.

ಮಂಡಿ ನೋವು ಹೇಗಿದೆ? ಏಣಿ ಹತ್ತಿ ಮೇಲಿನ ಸಾಲಿನ ಕನ್ನಡಕದ ಫ್ರೇಮು ತೆಗೆಯಬೇಡಿ ಅಂದಿದ್ದೆ. ಬಿಟ್ಟಿರುವುದಿಲ್ಲ ಬಿಡಿ. ಗಿರಾಕಿ ಬೆರಳು ತೋರಿಸಿದ್ದೇ ತಡ, ಹತ್ತಿಬಿಡುವ ಜಾತಿ ನಿಮ್ಮದು. ಅಮ್ಮ ಇದ್ದಿದ್ದರೆ ಏಣಿಯನ್ನೇ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು.

ಈಗಿರುವ ರೂಮಿನ ವಿಷಯ ನಿಮಗೆ ಹೇಳಿಯೇ ಇಲ್ಲ. ಕೆಳಗೆ ಲಾಂಡ್ರಿ. ಬೆಳಗಾದರೆ ಇಸ್ತ್ರಿಯವರು ಶುರು ಮಾಡುತ್ತಾರೆ, ನನ್ನ ನೆಲ ಬೆಚ್ಚಗಾಗುತ್ತದೆ. ಚಳಿಗಾಲಕ್ಕೆ ಪರವಾಗಿಲ್ಲ, ಬೇಸಿಗೆಯಲ್ಲಿ ಹೆಂಚಿನ ಮೇಲೆ ಕೂತ ಹಾಗೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಗೋಡೆಯ ಆಚೆ ಯಾರೋ ಒಂದು ಸಂಸಾರ ಇದೆ. ಅವರ ಕುಕ್ಕರಿನ ಸೀಟಿ, ಮಗುವಿನ ರಂಪ, ಗಂಡ ಹೆಂಡಿರ ಜಗಳ, ಎಲ್ಲ ನನಗೆ ಬಾಯಿಪಾಠ. ಮುಖ ಮಾತ್ರ ನೋಡಿಲ್ಲ. ಭಾನುವಾರ ಲಾಂಡ್ರಿಗೆ ರಜೆ. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಆಮೇಲೆ ನನಗೆ ಮಾತಾಡಲು ಜನವಿಲ್ಲ. ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳಲು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ. ಕಂಡಕ್ಟರ್ ಪ್ರತಿ ಸಲವೂ, "ಏನಮ್ಮ, ಶೀತಾನಾ?" ಅಂತಾನೆ. ಹೂಂ ಅಂತೀನಿ.

ಇಷ್ಟು ಬರೆದ ಮೇಲೆ ಅದನ್ನೂ ಬರೆದುಬಿಡುತ್ತೇನೆ. ಡೆಂಟಲ್ ಕಾಲೇಜಿನಿಂದ ನನ್ನನ್ನು ತೆಗೆದುಹಾಕಿದ ದಿನ ಏನಾಯಿತು ಅಂತ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೇ ವರ್ಷದಿಂದ ರೋಗಿಗಳನ್ನು ಮುಟ್ಟುವ ಕೆಲಸ ಶುರುವಾಗುತ್ತದೆ. ಅಲ್ಲಿಯವರೆಗೆ ಪ್ಲಾಸ್ಟರಿನ ಹಲ್ಲುಗಳ ಮೇಲೆ ನನ್ನ ಕೈ ಎಲ್ಲರಿಗಿಂತ ಚೆನ್ನಾಗಿ ಓಡುತ್ತಿತ್ತು. ಚಿಕ್ಕಂದಿನಿಂದ ನಿಮ್ಮ ಕೌಂಟರಿನ ಹಿಂದೆ ಕೂತು ಕನ್ನಡಕದ ಕಡ್ಡಿಗೆ ಸಾಸಿವೆಯಂಥ ಸ್ಕ್ರೂ ಕೂರಿಸಿದವಳಲ್ಲವೇ? ಆದರೆ ಜೀವ ಇರುವ ಬಾಯಿ, ಅದರ ಮೇಲೆ ನನ್ನನ್ನೇ ನೋಡುವ ಎರಡು ಕಣ್ಣು. ಅಷ್ಟು ಕಂಡರೆ ಸಾಕು, ಕೈ ನಿಂತುಬಿಡುತ್ತಿತ್ತು. ನಡುಗುತ್ತಿರಲಿಲ್ಲ ಅಪ್ಪ, ನಿಂತುಬಿಡುತ್ತಿತ್ತು. ಬೇರೆಯವರ ಕೈ ಅನ್ನುವ ಹಾಗೆ. ಥಿಯರಿಯಲ್ಲಿ ಒಳ್ಳೆಯ ಮಾರ್ಕು, ಪ್ರಾಕ್ಟಿಕಲ್‌ನಲ್ಲಿ ಫೇಲು. ಮತ್ತೆ ಪರೀಕ್ಷೆ ಕಟ್ಟಿದೆ, ಮತ್ತೆ ಅದೇ ಕಥೆ.

ಕೊನೆಯ ಅವಕಾಶದ ದಿನ ನನಗೆ ಬಂದವಳು ತರಕಾರಿ ಮಾರುವ ಹೆಂಗಸು. ಪಕ್ಕದಲ್ಲಿ ಪರೀಕ್ಷೆ ನಡೆಸುವ ಪ್ರೊಫೆಸರ್ ಮೇಡಂ ನಿಂತಿದ್ದರು. ಅವರ ಹಿಡಿತಕ್ಕೆ ಸಿಕ್ಕರೆ ಬಿಡುವುದಿಲ್ಲ ಅಂತ ನಾವು ಅವರಿಗೆ 'ಇಕ್ಕಳ' ಅಂತ ಹೆಸರಿಟ್ಟಿದ್ದೆವು. ಡ್ರಿಲ್ ಹಿಡಿದು ಬಗ್ಗಿದೆ. ಕೈ ನಿಂತಿತು. ಆ ಹೆಂಗಸು ಕಾದಳು, ಕಾದಳು. ಕೊನೆಗೆ ಬಾಯಿ ಮುಚ್ಚಿ ನನ್ನ ಮಣಿಕಟ್ಟು ಹಿಡಿದು, "ಏನಾಯ್ತಮ್ಮ? ಹುಷಾರಿಲ್ವಾ? ಸ್ವಲ್ಪ ನೀರು ಕುಡಿ, ನಂಗೇನು ಅವಸರ ಇಲ್ಲ" ಅಂದಳು. ರೋಗಿಯೇ ನನಗೆ ಸಮಾಧಾನ ಹೇಳಿದಳು ಅಪ್ಪ. ಇಕ್ಕಳ ನನ್ನ ಕೈಯಿಂದ ಡ್ರಿಲ್ ತೆಗೆದುಕೊಂಡು ತಾವೇ ಕೂತರು.

ಆಮೇಲಿನದು ನಿಮಗೆ ಗೊತ್ತು. ಸಮಿತಿ ಕೂತಿತು, ಹೆಸರು ಹೊಡೆದುಹಾಕಿದರು. ನಿಮಗೆ ಫೋನ್ ಮಾಡಿದಾಗ, "ಸದ್ಯ ಅಲ್ಲೇ ಇರು, ಆಮೇಲೆ ನೋಡೋಣ" ಅಂದಿರಿ. ಇದ್ದೆ. ಗೋಡೆ ಕಡೆ ತಿರುಗಿ ಮಲಗಿಯೇ ಒಂದು ಮಳೆಗಾಲ ಕಳೆದೆ. ಹಲ್ಲುಜ್ಜುವಾಗ ಕನ್ನಡಿ ನೋಡುತ್ತಿರಲಿಲ್ಲ. ನನ್ನ ಬಾಯಿ ನೋಡಿದರೂ ಮೇಲಿನದು, ಕೆಳಗಿನದು, ಎಡ, ಬಲ ಅಂತ ಲೆಕ್ಕ ಹಾಕಲು ಮನಸ್ಸು ಓಡುತ್ತಿತ್ತು.

ಹೊಟ್ಟೆ ಕೇಳಬೇಕಲ್ಲ. ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿ ಸೇರಿದೆ. ಅಲ್ಲಿಗೆ ಕುರ್ಚಿ ರಿಪೇರಿಗೆ ಬರುತ್ತಿದ್ದವರು ಮೇಸ್ತ್ರಿ. ಹಲ್ಲಿನ ಡಾಕ್ಟರರ ಕುರ್ಚಿ ನೋಡಿದ್ದೀರಲ್ಲ, ಅದರಲ್ಲಿ ಗಾಳಿಯ ಕೊಳವೆ, ನೀರಿನ ಕೊಳವೆ, ಮೋಟರು, ದೀಪ, ಕಾಲಲ್ಲಿ ಒತ್ತುವ ಪೆಡಲು ಎಲ್ಲ ಇರುತ್ತದೆ. ಸಂಸಾರಕ್ಕಿಂತ ಹೆಚ್ಚಿನ ತಾಪತ್ರಯ. ಮೇಸ್ತ್ರಿ ಕಂಪ್ರೆಸರುಗಳ ಸದ್ದಿನಲ್ಲೇ ತಲೆ ನರೆಸಿದವರು, ಕಿವಿ ಮಂದ. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತದೆ. ಒಂದು ದಿನ ಅವರ ಕೈಯಿಂದ ಜಾರಿದ ಸ್ಕ್ರೂ ಹುಡುಕಿಕೊಟ್ಟೆ. ಸುಮ್ಮನಿರಲಾರದೆ ನಾನೇ ಕೂರಿಸಿಯೂ ಬಿಟ್ಟೆ. ಅವರು ಕನ್ನಡಕ ಹಣೆಗೇರಿಸಿ, "ಏನಮ್ಮಾ, ಇಲ್ಲಿ ಕೂತು ಹೆಸರು ಕೂಗೋದ್ರಲ್ಲಿ ಏನಿದೆ? ನನ್ ಜೊತೆ ಬರ್ತೀಯಾ?" ಅಂತ ಕಿರುಚಿದರು. ಒಳಗಿದ್ದ ಡಾಕ್ಟರೇ, "ಕರ್ಕೊಂಡು ಹೋಗಿ ಮಾರಾಯ್ರೇ, ಮೊದ್ಲು ಆ ಕಿರುಚಾಟ ನಿಲ್ಸಿ" ಅಂದರು. ಹಾಗೆ ಸೇರಿದೆ. ಈಗ ಕ್ಲಿನಿಕ್ಕುಗಳಲ್ಲಿ ನನ್ನ ಹೆಸರು 'ಕುರ್ಚಿ ರಿಪೇರಿಯವಳು'. ಮೊದಮೊದಲು ಕೇಳಿದರೆ ಮೈ ಉರಿಯುತ್ತಿತ್ತು. ಈಗ ಫೋನ್ ಎತ್ತಿದರೆ ನಾನೇ ಹಾಗೆ ಹೇಳಿಕೊಳ್ಳುತ್ತೇನೆ.

ಹೋದ ತಿಂಗಳು ಕಾಲೇಜಿನಿಂದಲೇ ಕರೆ ಬಂತು. ಅದೇ ಕಾಲೇಜು, ಅದೇ ವಾರ್ಡು. ಮೇಲೆತ್ತಿದ ಕುರ್ಚಿ ರೋಗಿಯ ಸಮೇತ ತಾನಾಗಿಯೇ ಕೆಳಗಿಳಿಯುತ್ತದಂತೆ. ಮೇಸ್ತ್ರಿಗೆ ನನ್ನ ಕಥೆ ಗೊತ್ತು. "ಬೇಡ ಅನ್ಸಿದ್ರೆ ನಾನೇ ಹೋಗ್ತೀನಿ" ಅಂತ ಮೆತ್ತಗೆ ಹೇಳಿದರು. ಅಂದರೆ, ಎದುರು ಬದಿಯ ಅಂಗಡಿಯವನು ಮಾತ್ರ ತಿರುಗಿ ನೋಡಿದ. ನಾನೇ ಹೋಗುತ್ತೇನೆ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಬಸ್ಸು ಹತ್ತಿದೆ. ಗೇಟಿನ ಹತ್ತಿರ ಇಳಿಯದೆ ಮುಂದಿನ ಸ್ಟಾಪಿನವರೆಗೂ ಹೋಗಿ ನಡೆದುಕೊಂಡು ವಾಪಸು ಬಂದೆ.

ಅಲ್ಲಿ ಯಾರೂ ನನ್ನನ್ನು ನೋಡಲಿಲ್ಲ. ಬಿಳಿ ಕೋಟಿನಲ್ಲಿದ್ದಾಗ ಎಲ್ಲರ ಕಣ್ಣೂ ನನ್ನ ಮೇಲೇ ಅನಿಸುತ್ತಿತ್ತು. ನೀಲಿ ಅಂಗಿ ಹಾಕಿ ಟೂಲ್ ಬ್ಯಾಗ್ ಹಿಡಿದರೆ ಮನುಷ್ಯರು ಕಾಣಿಸುವುದೇ ಇಲ್ಲ. ಕುರ್ಚಿಯ ಕೆಳಗೆ ಮಲಗಿ ಬುಡದ ಮುಚ್ಚಳ ಬಿಚ್ಚಿದೆ. ಹುಡುಗ ಹುಡುಗಿಯರ ಶೂಗಳು ನನ್ನ ಕಾಲು ದಾಟಿಕೊಂಡು ಓಡಾಡುತ್ತಿದ್ದವು. ಎಣ್ಣೆ ಸೋರುತ್ತಿದ್ದ ವಾಲ್ವು ಸಿಕ್ಕಿತು, ಅದರ ರಬ್ಬರು ಬಳೆ ಸವೆದುಹೋಗಿತ್ತು. ಬದಲಾಯಿಸಿದೆ. ನಿಲ್ಲುತ್ತದೋ ಇಲ್ಲವೋ ನೋಡಲು ಭಾರ ಬೇಕಲ್ಲ, ನಾನೇ ಕುರ್ಚಿಯ ಮೇಲೆ ಮಲಗಿ ಮೇಲೆತ್ತಿಕೊಂಡೆ.

ಅಷ್ಟು ವರ್ಷ ಆ ವಾರ್ಡಿನಲ್ಲಿದ್ದರೂ ಆ ಸೂರು ನೋಡಿರಲಿಲ್ಲ. ಮಲಗಿದವರಿಗೆ ಕಾಣುವುದು ಅಷ್ಟೇ: ತೇವ ಹಿಡಿದ ಒಂದು ಕಲೆ, ಮಿಣುಕುವ ಟ್ಯೂಬ್‌ಲೈಟು, ಆಮೇಲೆ ಒಂದು ಮುಖ. ಕುರ್ಚಿ ಇಳಿಯಲಿಲ್ಲ. ನಾನೂ ಇಳಿಯಲಿಲ್ಲ. ಹಾಗೇ ಮಲಗಿದ್ದೆ. ಅಷ್ಟರಲ್ಲಿ ಬಿಳಿ ಕೋಟಿನ ಒಬ್ಬ ಹುಡುಗಿ ಬಗ್ಗಿ, "ನೋವಾಗ್ತಿದ್ಯಾ ಅಕ್ಕಾ?" ಅಂದಳು. ಮಲಗಿದವರನ್ನು ಕಂಡರೆ ಕೇಳುವುದು ಅವಳಿಗೆ ಅಭ್ಯಾಸ, ಅಷ್ಟೆ. ಆದರೆ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯಿತು. "ಇಲ್ಲಮ್ಮ, ಎಣ್ಣೆ ಕಣ್ಣಿಗೆ ಸಿಡೀತು" ಅಂದೆ. ಪಾಪ, ಓಡಿಹೋಗಿ ಹತ್ತಿ ತಂದುಕೊಟ್ಟಳು.

ಟೂಲು ಎತ್ತಿಡುತ್ತಿದ್ದಾಗ ಇಕ್ಕಳ ಬಂದರು. ಕೂದಲು ಬೆಳ್ಳಗಾಗಿದೆ. ನನ್ನನ್ನು ನೋಡಿದರು, ಬ್ಯಾಗು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನೀನಾ?"

"ಹೌದು ಮೇಡಂ. ವಾಲ್ವು ಹೋಗಿತ್ತು. ಇನ್ನು ಇಳಿಯಲ್ಲ."

ಅವರು ಪೆಡಲು ಒತ್ತಿ ಕುರ್ಚಿಯನ್ನು ಏರಿಸಿ ಇಳಿಸಿದರು. ಆಮೇಲೆ ನನ್ನ ಕಡೆ ನೋಡದೆಯೇ, "ಆವತ್ತು ಇನ್ನೊಂದು ಅವಕಾಶ ಕೊಡೋಣ ಅಂದವರಿದ್ರು. ಬೇಡ ಅಂದಿದ್ದು ನಾನು" ಅಂದರು.

"ಸರಿಯಾಗೇ ಹೇಳಿದ್ರಿ ಮೇಡಂ."

"ಬೇಜಾರಿಲ್ವಾ?"

"ಇದೆ."

ಅವರು ತಲೆಯಾಡಿಸಿದರು. ಸಮಾಧಾನ ಹೇಳಲಿಲ್ಲ, ಹೊಗಳಲಿಲ್ಲ. "ಆ ಮೂಲೆಯ ಕುರ್ಚಿಗೆ ನೀರು ಬರ್ತಿಲ್ಲ, ಅದನ್ನೂ ನೋಡಿ ಹೋಗು" ಅಂದರು. ನೋಡಿದೆ, ಸರಿ ಮಾಡಿದೆ. ಹಿಂತಿರುಗುವಾಗ ಆ ಗೇಟಿನ ಎದುರಿಗೇ ಬಸ್ಸಿಗೆ ಕಾದು ಹತ್ತಿದೆ.

ಸರಿಯಾಗೇ ಹೇಳಿದ್ರಿ ಅಂತ ಅವರಿಗೆ ಅಂದದ್ದು ಬಾಯಿಮಾತಲ್ಲ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಆ ತರಕಾರಿಯವಳ ಬಾಯಿಗೆ ನಾನು ಡ್ರಿಲ್ ಇಡದೇ ಇದ್ದದ್ದೇ ಒಳ್ಳೆಯದಾಯಿತು. ಡಾಕ್ಟರ್ ಆಗಲಿಲ್ಲವಲ್ಲ ಅನ್ನುವ ನೋವು ಹೋಗಿಲ್ಲ. ಯಾವಾಗ ಹೋಗುತ್ತದೋ, ಹೋಗುತ್ತದೋ ಇಲ್ಲವೋ. ಆದರೆ ಅದನ್ನು ಇಟ್ಟುಕೊಂಡೇ ಬೆಳಿಗ್ಗೆ ಎದ್ದು ಬಸ್ಸು ಹತ್ತಬಹುದು ಅಂತ ಗೊತ್ತಾಗಿದೆ.

ಇನ್ನೊಂದು ಸುದ್ದಿ. ಮೇಸ್ತ್ರಿ ಹೊಸ ವರ್ಷಕ್ಕೆ ಕೆಲಸ ಬಿಟ್ಟು ಮಗಳ ಮನೆಗೆ ಹೋಗುತ್ತಾರೆ. ಈ ಕಡೆಯ ಕ್ಲಿನಿಕ್ಕುಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ವೈದ್ಯಕೀಯ ಯಂತ್ರಗಳ ಡಿಪ್ಲೊಮಾಕ್ಕೂ ಸೇರಿದ್ದೇನೆ, ಸಂಜೆ ತರಗತಿ. ಎಲ್ಲರೂ ನನಗಿಂತ ಚಿಕ್ಕವರು, ನನ್ನನ್ನು 'ಆಂಟಿ' ಅಂತ ಕರೆದು ಪಕ್ಕದ ಜಾಗ ಖಾಲಿ ಬಿಡುತ್ತಾರೆ. ಬ್ಯಾಗಾದರೂ ಕೂರಲಿ ಅಂತ ಅದನ್ನು ಅಲ್ಲಿಡುತ್ತೇನೆ. ಮೇಸ್ತ್ರಿ ಹೋದ ಮೇಲೆ ನನ್ನ ಮೇಲೆ ಕಿರುಚುವವರೂ ಇರುವುದಿಲ್ಲ. ಅದನ್ನು ನೆನೆದರೆ ಈಗಲೇ ಕಿವಿಯಲ್ಲಿ ಏನೋ ಖಾಲಿ ಖಾಲಿ.

ಸಾಕು, ಕೈ ನೋಯುತ್ತಿದೆ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಸ್ವಲ್ಪ ಮಲಗಿ, ಕನ್ನಡಕ ಬೇಕಾದವರು ಕಾಯುತ್ತಾರೆ. ನನ್ನ ಹೊಸ ಕೆಲಸಕ್ಕೆ ನಿಮ್ಮ ಆಶೀರ್ವಾದ ಬೇಕು. ಫೋನಿನಲ್ಲಿ ಹೇಳಲು ಆಗದಿದ್ದರೆ ಮನಸ್ಸಿನಲ್ಲೇ ಹೇಳಿ. ನೀವು ನೂರು ಕಾಲ ಚೆನ್ನಾಗಿರಿ.

ನಿಮ್ಮ,
ಮಗಳು

ವಿ.ಸೂ.: ಇದನ್ನು ಬರೆಯುವುದು ಬೇಡ ಅಂದುಕೊಂಡು ಕವರು ಅಂಟಿಸಲು ಹೊರಟಿದ್ದೆ. ಬರೆಯುತ್ತೇನೆ.

ಹೋದ ವಾರ ಅತ್ತೆ ಫೋನ್ ಮಾಡಿದ್ದರು. ನಿಮ್ಮ ತಂಗಿ ನನಗೆ ಫೋನ್ ಮಾಡಿ ಯಾವ ಕಾಲವಾಯಿತೋ. "ಡಾಕ್ಟ್ರಮ್ಮಾ, ತೊಂದ್ರೆ ಕೊಡ್ಬಾರ್ದು ಅಂತಾನೆ ನಿಮ್ಮಪ್ಪ, ಆದ್ರೂ ತಡೆಯೋಕಾಗ್ಲಿಲ್ಲ, ಈ ದವಡೆ ಹಲ್ಲು ಪ್ರಾಣ ಹಿಂಡ್ತಿದೆ" ಅಂದರು. ನೀವು ಹೇಳಿದ್ದೀರಂತೆ, ನನಗೆ ಸ್ವಂತ ಕ್ಲಿನಿಕ್ಕು ಇದೆಯಂತೆ. ಕೈಕೆಳಗೆ ಜನ ಇದ್ದಾರಂತೆ. ಊಟಕ್ಕೂ ಪುರುಸೊತ್ತಿಲ್ಲವಂತೆ. "ನನ್ನ ಮಗಳ ಮದ್ವೆಗೂ ಬರೋಕಾಗ್ಲಿಲ್ವಲ್ಲೇ ನಿಂಗೆ, ಅವಳು ಬಾಗಿಲ ಕಡೆನೇ ನೋಡ್ತಾ ಇದ್ಲು" ಅಂದರು.

ಮದುವೆಗೆ ನನ್ನನ್ನು ಯಾರೂ ಕರೆದಿಲ್ಲ ಅಂದುಕೊಂಡಿದ್ದೆ ಅಪ್ಪ. ಚಿಕ್ಕದಾಗಿ ಮುಗಿಸಿದರು, ಯಾರನ್ನೂ ಕರೆದಿಲ್ಲ ಅಂತ ನೀವೇ ಹೇಳಿದ್ದಿರಿ. ಆವತ್ತು ಭಾನುವಾರ. ನಾನು ಇದೇ ರೂಮಿನಲ್ಲಿದ್ದೆ.

ಹೆದರಬೇಡಿ, ಅತ್ತೆಗೆ ಏನೂ ಹೇಳಲಿಲ್ಲ. "ಅಷ್ಟು ದೂರದಿಂದ ನೋಡ್ದೆ ಹೇಳೋಕಾಗಲ್ಲ ಅತ್ತೆ, ಹತ್ರದ ಡಾಕ್ಟ್ರಿಗೆ ತೋರ್ಸಿ, ತಡ ಮಾಡ್ಬೇಡಿ" ಅಂದೆ. ಡಾಕ್ಟರ್ ಹೇಳುವ ಹಾಗೆಯೇ ಹೇಳಿದೆ. ಅವರಿಗೆ ಖುಷಿಯಾಯಿತು.

ಕಾಲೇಜು ನನ್ನನ್ನು ತೆಗೆದುಹಾಕಿದ್ದು ಸರಿ ಅಂತ ಹೇಳಲು ನನಗೆ ಬಾಯಿ ಬಂತು. ನೀವು ಮಾಡಿದ್ದು ಸರಿ ಅನ್ನಲು ಬರುತ್ತಿಲ್ಲ. ನಿಮ್ಮ ಆ ಡಾಕ್ಟರ್ ಮಗಳು ಮನೆ ತುಂಬ ಇದ್ದಾಳೆ, ನಾನು ಬಂದರೆ ಎಲ್ಲಿ ಕೂರಲಿ? ಅವಳನ್ನು ಕಳಿಸಿಕೊಟ್ಟು ನನ್ನನ್ನು ಕರೆಯಿರಿ ಅಪ್ಪ. ಯಾವ ಬಸ್ಸಾದರೂ ಸರಿ, ಹತ್ತಿ ಬರುತ್ತೇನೆ.